ಇಪ್ಪತ್ತರ ಪೆಟ್ಟಿಗೆ

ಬಾಗಿಲು ಹಾಕಿಕೊ, ಎಯ್ವಿನ್, ಗ್ಲೊಮ್ಮಾ ನದಿಯ ಥಂಡಿ
ನಿನ್ನ ಹಿಂದೆಯೇ ಒಳಗೆ ಬರುತ್ತಿದೆ.
ಬೂಟಿನ ಮಣ್ಣು ಇರಲಿ ಬಿಡು, ಸೆಪ್ಟೆಂಬರಿನಲ್ಲಿ
ಈ ಅಂಗಡಿಗೆ ಮಣ್ಣಿಲ್ಲದ ಕಾಲು ಬಂದದ್ದಿಲ್ಲ.

ಎಲ್ಲಕ್ಕಿಂತ ದೊಡ್ಡ ಗುಂಡು ಬೇಕು ಅನ್ನುತ್ತೀಯ.
ಮೊದಲ ವರ್ಷ ಎಲ್ಲರೂ ಅದನ್ನೇ ಕೇಳುತ್ತಾರೆ.
ನಿನ್ನಪ್ಪನೂ ಇದೇ ಕೌಂಟರಿಗೆ ಮೊಣಕೈ ಊರಿ ಕೇಳಿದ್ದ,
ಆಮೇಲೆ ವಾರವಿಡೀ ಹೆಗಲು ನೀಲಿಗಟ್ಟಿ
ಕಾಫಿಯ ಬಟ್ಟಲನ್ನು ಎಡಗೈಯಲ್ಲಿ ಎತ್ತಿದ.

ಎಷ್ಟು ದೂರದಿಂದ ಹೊಡೆಯುತ್ತೀ, ಮೊದಲು ಅದನ್ನು ಹೇಳು.
ಪರೀಕ್ಷೆಯಲ್ಲಿ ಐದಕ್ಕೆ ಐದೂ ಬಿದ್ದವಂತೆ, ಕೇಳಿದೆ, ಸಂತೋಷ.
ಕಾಗದದ ಮೂಸ್‌ಗೆ ಮೂಳೆಯಿಲ್ಲ.
ಒಂದು ಹೆಜ್ಜೆ ಮುಂದಿಟ್ಟು
ಅದು ನಿನ್ನತ್ತ ಕಿವಿ ತಿರುಗಿಸುವುದಿಲ್ಲ.
ನಿಜದ್ದು ಕುದುರೆಗಿಂತ ಎತ್ತರ, ಬರ್ಚ್ ಮರಗಳ ನಡುವೆ
ಇನ್ನೊಂದು ಮರವಾಗಿ ನಿಂತಿರುತ್ತದೆ,
ಕಾಡಿಗೆಲ್ಲ ಕೇಳುವ ಹಾಗೆ ಡವಗುಟ್ಟುವುದು ನಿನ್ನ ಎದೆ.

ಇದು ನೋಡು, ಹಗುರ. ರೋ ಜಿಂಕೆಗೆ ಸಾಕು.
ಮೂಸ್‌ನ ಹೆಗಲ ಮೂಳೆಗೆ ತಾಗಿದರೆ ಒಣರೊಟ್ಟಿಯ ಪುಡಿ;
ತೊಗಲಿನಡಿ ಅಂಗೈಯಗಲ ಗಾಯ,
ಒಳಗೆ ಶ್ವಾಸಕೋಶಕ್ಕೆ ಸುದ್ದಿಯೇ ಮುಟ್ಟಿರುವುದಿಲ್ಲ.
ಅದು, ಪೂರ್ತಿ ಕವಚ ತೊಟ್ಟದ್ದು.
ಹೊಕ್ಕಲ್ಲಿ ಸೂಜಿ, ಹೊರಟಲ್ಲಿಯೂ ಸೂಜಿ,
ಬಾಗಿಲು ತಟ್ಟದೆ ಬಂದು ಹೇಳದೆ ಹೋಗುವ ನೆಂಟ.
ಬೇಟೆಗೆ ಅಂತ ಕೇಳಿದವರಿಗೆ ನಾನು ಮಾರುವುದಿಲ್ಲ.

ಇನ್ನು ಈ ಸೀಸದ ಹೊಟ್ಟೆಯದು, ಹಳೆಯ ಪರಿಚಯ.
ಮೆತ್ತಗೆ ಅರಳುತ್ತದೆ, ಆಳಕ್ಕಿಳಿಯುತ್ತದೆ.
ನಲವತ್ತು ವರ್ಷ ಇದನ್ನೇ ತಿಂದೆವು.
ಹೌದು, ತಿಂದೆವು ಅಂತಲೇ ಹೇಳಿದೆ.
ನನ್ನ ತಂಗಿ ರಾಗ್ನಿ ಪಶುವೈದ್ಯೆ, ಒಮ್ಮೆ
ಮಾಂಸದ ತುಂಡೊಂದರ ಎಕ್ಸ್‌ರೇ ಹಿಡಿದು ತೋರಿಸಿದಳು:
ಗಾಯದಿಂದ ಗೇಣು ದೂರದವರೆಗೆ
ಹಿಟ್ಟು ಚೆಲ್ಲಿದ ಹಾಗೆ ಬಿಳಿಯ ಚುಕ್ಕಿ.
ಕಾಡಲ್ಲಿ ಬಿಟ್ಟ ಕರುಳು ತಿಂದ ಹದ್ದೊಂದು
ಅವಳ ಮೇಜಿನ ಮೇಲೆ ಕತ್ತು ನಿಲ್ಲದೆ
ಕುಡುಕನ ಹಾಗೆ ತೂಗುತ್ತಿತ್ತಂತೆ.
ನಿನ್ನ ಹೆಂಡತಿಗೆ ಈಗ ಎಷ್ಟು ತಿಂಗಳು?

ತಾಮ್ರ ತೊಗೊ. ಇಡೀ ತಾಮ್ರ.
ನಾಲ್ಕು ಎಸಳಾಗಿ ಬಿಚ್ಚುತ್ತದೆ, ಉದುರುವುದು ಕಡಿಮೆ.
ದುಬಾರಿ, ಇಲ್ಲವೆನ್ನುವುದಿಲ್ಲ. ನಿನ್ನ ಕೊಳವೆಗೆ ಒಗ್ಗುತ್ತದೋ
ಹೊಡೆದೇ ನೋಡಬೇಕು, ಬಂದೂಕಿಗೂ ಬಾಯಿರುಚಿ ಇದೆ.
ವೇಗ ತಗ್ಗಿದರೆ ಅರಳುವುದಿಲ್ಲ ಇದು,
ಮೊಗ್ಗಾಗಿಯೇ ದಾಟಿಹೋಗುತ್ತದೆ. ಹತ್ತಿರ ಹೋಗು.
ಹತ್ತಿರ ಹೋಗುವುದನ್ನು ಯಾವ ಕಂಪನಿಯೂ
ಪೆಟ್ಟಿಗೆಯಲ್ಲಿ ತುಂಬಿ ಕಳಿಸುವುದಿಲ್ಲ.

ಆ ಗೋಡೆಯ ಕೊಂಬು ನೋಡುತ್ತಿದ್ದೀಯ.
ನನ್ನ ಗಂಡ ಹೊಡೆದದ್ದು ಅಂದುಕೊಳ್ಳುತ್ತಾರೆ ಬಂದವರು,
ನಾನು ತಿದ್ದುವುದಿಲ್ಲ.
ನನಗಾಗ ಇಪ್ಪತ್ತೆರಡು. ಸಂಜೆ. ಹಗುರ ಗುಂಡು,
ಅಗ್ಗಕ್ಕೆ ಸಿಕ್ಕಿತ್ತು.
ಎರಡು ಹಗಲು ನಾಯಿಯ ಹಗ್ಗ ಹಿಡಿದು ಜೌಗು ದಾಟಿದೆ,
ಪಾಚಿಯ ಮೇಲೆ ಕೆಂಪು ಕಂಡರೆ
ರಕ್ತವೋ ಲಿಂಗನ್ ಹಣ್ಣೋ
ಬೆರಳಿಂದ ಮುಟ್ಟಿ, ಮುಟ್ಟಿ.
ಕೆರೆಯಂಚಿನಲ್ಲಿ ಮಲಗಿತ್ತು. ತಲೆ ಎತ್ತಿತು.
ಏಳಲಿಲ್ಲ.
ಎರಡನೆಯ ಗುಂಡು ಯಾವುದು, ಎಷ್ಟು ಗ್ರಾಮಿನದು,
ಇಷ್ಟೆಲ್ಲ ಹೇಳುವ ನನಗೆ ಅದೊಂದು ನೆನಪಿಲ್ಲ.

ಮಾತು ಆಡಿದರೆ ಹೋಯಿತು ಅನ್ನುತ್ತಾರೆ.
ಮಾತಾದರೆ ಮರುದಿನ ಹೋಗಿ ಕ್ಷಮೆ ಕೇಳಬಹುದು.

ತೊಗೊ, ಇಪ್ಪತ್ತಿವೆ, ಎಣಿಸಿಕೊ.
ಹತ್ತು ಹನ್ನೆರಡು ಕಾಗದಕ್ಕೆ, ಬಂದೂಕು ಒಪ್ಪುವವರೆಗೆ.
ಕೊಂಬೆ ಅಡ್ಡವಿದ್ದರೆ, ಹಿಂದೆ ಕರು ನಿಂತಿದ್ದರೆ,
ಬೆಳಕು ಸಾಲದೆ ಕಣ್ಣು ಕಿರಿದಾಗಿಸಬೇಕಾದರೆ
ಗುಂಡು ತೆಗೆದು ಜೇಬಿಗೆ ಹಾಕು, ಮನೆಗೆ ಹೋಗು.
ಉಳಿದದ್ದು ಕೆಡುವುದಿಲ್ಲ,
ಮುಂದಿನ ವರ್ಷಕ್ಕಾಗುತ್ತದೆ.

ರಸೀದಿ ಬೇಡವೇ? ಸರಿ.
ಮಾಂಸವಾದರೆ ನಾಲಗೆ ನನಗೆ, ನಿನ್ನಪ್ಪ ಕೊಡುತ್ತಿದ್ದ.
ಬಾಗಿಲು ಜೋರಾಗಿ ಎಳೆದುಕೊ,
ಚಿಲಕ ಸರಿಯಾಗಿ ಕೂರುವುದಿಲ್ಲ.